ಪಂಚಾಯಿತಿ ಅಭ್ಯರ್ಥಿಗಳ ಹವಾಮಾನ ನಿಲುವು ಮತದಾರರಿಗೆ ತಿಳಿಯುವಂತೆ ಕ್ರಮ ಕೈಗೊಳ್ಳಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ರಾಜ್ಯ ಚುನಾವಣಾ ಆಯುಕ್ತರು,
ಕರ್ನಾಟಕ ರಾಜ್ಯ ಚುನಾವಣಾ ಆಯೋಗ, ಬೆಂಗಳೂರು.
(ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ, ಇವರ ಮುಖಾಂತರ)

ಇವರಿಂದ,
ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಭೀಮಾ ದಂಡೆಯ ಗ್ರಾಮಗಳ ಮತದಾರರು.

ವಿಷಯ: ಗ್ರಾಮ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಚುನಾವಣೆಗಳಲ್ಲಿ ಬರ, ನೆರೆ, ಬಿಸಿಲು ಎದುರಿಸುವ ಬಗ್ಗೆ ಅಭ್ಯರ್ಥಿಗಳಿಂದ ಲಿಖಿತ ಹೇಳಿಕೆ ಪಡೆದು ಪ್ರಕಟಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ,

2020ರ ಅಕ್ಟೋಬರಿನಲ್ಲಿ ಅತಿಮಳೆ ಸುರಿದು, ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ಭೀಮೆ ಉಕ್ಕಿ ಹರಿಯಿತು. ಎರಡೇ ತಿಂಗಳಿಗೆ, ಡಿಸೆಂಬರಿನಲ್ಲಿ, ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಆಗಲೂ ಪ್ರಚಾರದಲ್ಲಿ ಹೆಚ್ಚು ಕೇಳಿಬಂದದ್ದು ಸಿಸಿ ರಸ್ತೆ ಮತ್ತು ಹೈಮಾಸ್ಟ್ ದೀಪದ ಮಾತು. ಹಳ್ಳಕ್ಕೆ ಅಡ್ಡಲಾಗಿ ಎತ್ತರಿಸಿದ ಸಿಸಿ ರಸ್ತೆಯ ಕೆಳಗೆ ಸಾಕಷ್ಟು ದೊಡ್ಡ ಪೈಪ್ ಹಾಕದಿದ್ದರೆ ಅದೇ ರಸ್ತೆ ಒಡ್ಡಾಗಿ ನೀರನ್ನು ಊರೊಳಗೆ ತಿರುಗಿಸುತ್ತದೆ. ಪಕ್ಕದ ಹೊಲದಲ್ಲಿ ನೀರು ಇಂಗದೆ ತೊಗರಿಯ ಬೇರು ಕೊಳೆಯುತ್ತದೆ. ಇದನ್ನು ಯಾರು ಸರಿಪಡಿಸುತ್ತಾರೆಂದು ತಿಳಿಯದೆಯೇ ನಾವು ಮತ ಹಾಕಬೇಕಾಗುತ್ತದೆ.

2023ರಲ್ಲಿ ಪರಿಸ್ಥಿತಿ ತಿರುವುಮುರುವಾಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ಚುನಾವಣೆ ನಡೆದಿರಲಿಲ್ಲವಾದ್ದರಿಂದ, ಮೇವು, ನೀರಿನ ಬಗ್ಗೆ ಅಲ್ಲಿ ದನಿಯೆತ್ತಲು ಚುನಾಯಿತ ಸದಸ್ಯರೇ ಇರಲಿಲ್ಲ.

ಭೂಮಿ ಬಿಸಿಯಾಗುವುದನ್ನು ಒಂದು ಪಂಚಾಯಿತಿ ತಡೆಯಲಾರದು, ನಿಜ. ಆದರೆ ಆ ಬಿಸಿಯ ಪೆಟ್ಟು ಊರಿಗೆ ಎಷ್ಟು ಬೀಳಬೇಕೆಂಬುದು ಬಹುಮಟ್ಟಿಗೆ ಅದರ ಕೈಯಲ್ಲಿದೆ. ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿ, ಜಲಾನಯನ ಅಭಿವೃದ್ಧಿ, ಕುಡಿಯುವ ನೀರು, ಸಾಮಾಜಿಕ ಅರಣ್ಯ, ಮೇವು, ಅಸಾಂಪ್ರದಾಯಿಕ ಇಂಧನ ಎಲ್ಲವೂ ಸೇರಿವೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಹಾಗಾಗಿ ಪಕ್ಷದ ಪ್ರಣಾಳಿಕೆಯನ್ನಾದರೂ ಓದಿ ನಿರ್ಧರಿಸೋಣವೆಂದರೆ ಅದೂ ಇಲ್ಲ.

ಲೋಕಸಭೆ, ವಿಧಾನಸಭೆ ಅಭ್ಯರ್ಥಿಗಳ ಹಿನ್ನೆಲೆ ತಿಳಿಯುವ ಹಕ್ಕು ಮತದಾರರಿಗಿದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ 2024ರಲ್ಲಿ ಗುರುತಿಸಿದೆ. ಈ ಎರಡನ್ನೂ ಒಟ್ಟಿಗೆ ಓದಿದರೆ ನಮ್ಮ ಕೋರಿಕೆ ಅತಿಯಾದುದಲ್ಲ. ಇಂಥವರನ್ನು ಗೆಲ್ಲಿಸಿ, ಇಂಥವರನ್ನು ಸೋಲಿಸಿ ಎಂದು ನಾವು ಆಯೋಗವನ್ನು ಕೇಳುತ್ತಿಲ್ಲ. ಆರಿಸುವ ಕೆಲಸ ನಮ್ಮದು; ಆರಿಸಲು ಬೇಕಾದ ಮಾಹಿತಿಯನ್ನಷ್ಟೇ ಕೇಳುತ್ತಿದ್ದೇವೆ.

ನಮ್ಮ ಬೇಡಿಕೆಗಳು:

1. ನಾಮಪತ್ರದೊಂದಿಗೆ ಒಂದು ಪುಟದ ‘ನೆಲ-ಜಲ ಹೇಳಿಕೆ’ಯ ನಮೂನೆ ಕೊಡಬೇಕು. ಯಾವ ಕೆರೆಯ ಹೂಳು ಮೊದಲು ತೆಗೆಸುತ್ತೀರಿ, ಯಾವ ಅನುದಾನದಲ್ಲಿ? ಒತ್ತುವರಿಯಾದ ಹಳ್ಳ ಬಿಡಿಸುತ್ತೀರಾ? ನೆರೆ ಬಂದರೆ ಜನ, ದನಕರುಗಳನ್ನು ಎಲ್ಲಿಗೆ ಸಾಗಿಸುತ್ತೀರಿ? ಕೊಳವೆಬಾವಿ ಬತ್ತಿದರೆ ಕುಡಿಯುವ ನೀರು ಎಲ್ಲಿಂದ? ಇಷ್ಟು ಪ್ರಶ್ನೆ ಸಾಕು.

2. ಹೇಳಿಕೆ ಸ್ವಇಚ್ಛೆಯದಾಗಿರಲಿ. ಕೊಡದಿದ್ದರೆ ನಾಮಪತ್ರ ತಿರಸ್ಕರಿಸುವುದು ಬೇಡ. ‘ಹೇಳಿಕೆ ನೀಡಿಲ್ಲ’ ಎಂದು ನಮೂದಿಸಿದರೆ ಸಾಕು.

3. ಈ ಹೇಳಿಕೆಗಳನ್ನು ಪ್ರಚಾರದ ಅವಧಿಯಲ್ಲೇ ಪಂಚಾಯಿತಿ ಸೂಚನಾ ಫಲಕದಲ್ಲೂ ಆಯೋಗದ ಜಾಲತಾಣದಲ್ಲೂ ಪ್ರಕಟಿಸಬೇಕು. ಓದಲು ಬಾರದವರಿಗಾಗಿ ಅಭ್ಯರ್ಥಿಗಳೆಲ್ಲರೂ ಒಂದೇ ವೇದಿಕೆಯಲ್ಲಿ ಉತ್ತರಿಸುವ ಸಭೆಗೆ ಶಾಲಾ ಮೈದಾನದಲ್ಲಿ ಅನುಮತಿ ನೀಡಬೇಕು.

4. ಹಿಂದಿನ ಅವಧಿಯಲ್ಲಿ ನೆಟ್ಟ ಸಸಿಗಳಲ್ಲಿ ಉಳಿದವು ಎಷ್ಟು, ಕೆರೆ ಕಾಮಗಾರಿಗೆ ಖರ್ಚಾದದ್ದೆಷ್ಟು ಎಂಬ ವಿವರವನ್ನು ಚುನಾವಣೆ ಘೋಷಣೆಗೆ ಮುನ್ನ ಪ್ರಕಟಿಸುವಂತೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬರೆಯಬೇಕು. ಮರು ಸ್ಪರ್ಧಿಸುವವರ ಕೆಲಸ ಅಳೆಯಲು ಇದು ಅಗತ್ಯ.

5. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ನೌಕರರಿಗೆ ಆಗದ ಬಿಸಿಲು ಸಾಲಿನಲ್ಲಿ ನಿಲ್ಲುವ ಮುದುಕರಿಗೆ, ಗರ್ಭಿಣಿಯರಿಗೆ ಹೇಗೆ ಆದೀತು? ಈ ತಿಂಗಳುಗಳಲ್ಲಿ ಮತದಾನ ಬೇಡ. ಅನಿವಾರ್ಯವಾದರೆ ಪ್ರತಿ ಮತಗಟ್ಟೆಯಲ್ಲಿ ನೆರಳು, ಕುಡಿಯುವ ನೀರು, ಓಆರ್‌ಎಸ್ ಕಡ್ಡಾಯವಾಗಲಿ; ಮತದಾನದ ಸಮಯವೂ ಸಂಜೆಗೆ ವಿಸ್ತರಣೆಯಾಗಲಿ.

6. ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾದ ಪ್ಲಾಸ್ಟಿಕ್ ಫ್ಲೆಕ್ಸ್ ಬಳಸುವ ಅಭ್ಯರ್ಥಿಗಳ ಮೇಲೆ ಕ್ರಮ ಜರುಗಿಸಬೇಕು.

7. ಪಂಚಾಯಿತಿಗಳ ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳಿಸುವಂತೆ ಸಂವಿಧಾನದ 243ಇ ವಿಧಿ ಹೇಳುತ್ತದೆ. ಅದನ್ನು ಚಾಚೂ ತಪ್ಪದೆ ಪಾಲಿಸಬೇಕು.

243ಕೆ ವಿಧಿಯಡಿ ಪಂಚಾಯಿತಿ ಚುನಾವಣೆಗಳ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣ ತಮ್ಮದೇ ಆಗಿರುವುದರಿಂದ ಮೊದಲ ಮೂರು ಬೇಡಿಕೆಗಳನ್ನು ಮುಂದಿನ ಚುನಾವಣಾ ಅಧಿಸೂಚನೆಗೆ ಮುನ್ನವೇ ಜಾರಿಗೊಳಿಸಬೇಕೆಂದೂ, ಉಳಿದವುಗಳ ಬಗ್ಗೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
(ಮತದಾರರ ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಕಲಬುರಗಿ.