ಅತ್ತೆಯವರಿಗೊಂದು ಚೌಕಾಬಾರದ ಕೌದಿ

ಹಳೇ ಸೀರೆಗಳನ್ನು ಗಂಟು ಕಟ್ಟಿ ಸ್ಟೀಲ್ ಪಾತ್ರೆಯವಳಿಗೆ ಹಾಕುವ ಮುಂಚೆ ಸ್ವಲ್ಪ ತಡೀರಿ. ಈ ಸಲ ಅವಕ್ಕೆ ಬೇರೆ ಕೆಲಸವಿದೆ. ಕೌದಿ ಹೊಲಿಯೋಣ. ಸುಮ್ಮನೆ ಹೊದೆಯುವ ಕೌದಿಯಲ್ಲ, ಮನೆಯ ಹಿರಿಯರೊಬ್ಬರ ಮೆಚ್ಚಿನ ಹವ್ಯಾಸವೇ ಮೂಡಿರುವ ಕೌದಿ.

ನಮ್ಮ ಅತ್ತೆಯವರ ಹುಚ್ಚು ಚೌಕಾಬಾರ. ಮಧ್ಯಾಹ್ನದ ಊಟವಾದ ಮೇಲೆ ನಡುಮನೆಯ ನೆಲದಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಕವಡೆ ಹಿಡಿದರೆಂದರೆ ಕಾಫಿ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಕಾಯಿ ಕಡಿಯುವಾಗ ಮಗಳು, ಸೊಸೆ ಅನ್ನೋ ದಾಕ್ಷಿಣ್ಯವೂ ಇಲ್ಲ! ಮಂಡಿನೋವು ಬಂದು ಕೆಳಗೆ ಕೂರಲಾಗದೆ ಹೋದಾಗ ಆಟ ನಿಂತಿತು. ಕವಡೆಗಳು ಡಬ್ಬಿ ಸೇರಿದವು, ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗತೊಡಗಿದರು. ಊಟ, ಔಷಧಿ ಹೊತ್ತಿಗೆ ಸಿಕ್ಕಿದರೆ ಸಾಕೇ? ಪಕ್ಕದಲ್ಲಿ ಕೂರುವವರು ಬೇಕು. ಕೂರೋದಕ್ಕೆ ಮೊಮ್ಮಕ್ಕಳಿಗೂ ಒಂದು ನೆಪ ಬೇಕಲ್ಲವೇ? ಅದಕ್ಕೇ ಆಟದ ಮನೆಯನ್ನು ಮಂಚದ ಮೇಲಕ್ಕೇ ತಂದೆ. ಇದೇನೂ ಹೊಸ ಉಪಾಯವಲ್ಲ ಬಿಡಿ, ಪಗಡೆಯ ಹಾಸನ್ನು ಹಿಂದಿನವರೂ ಬಟ್ಟೆಯಲ್ಲೇ ಹೊಲಿಯುತ್ತಿದ್ದರು.

ಚೌಕಾಬಾರಕ್ಕೆ ಐದೈದರಂತೆ 25 ಮನೆ. ಒಬ್ಬರ ಮಂಚಕ್ಕೆ 60 ಅಂಗುಲ ಅಗಲ, 84 ಅಂಗುಲ ಉದ್ದದ ಕೌದಿ ಸರಿಹೋಗುತ್ತೆ. 10 ಅಂಗುಲದ ಚೌಕಗಳನ್ನು ಕತ್ತರಿಸಿ. ಸುತ್ತಲೂ ಅರ್ಧ ಅಂಗುಲ ಹೊಲಿಗೆಗೆ ಹೋದರೆ 9 ಉಳಿಯುತ್ತೆ, ಐದು ಸೇರಿದರೆ 45 ಅಂಗುಲ. ಮಿಕ್ಕ ಜಾಗಕ್ಕೆ ಅಂಚಿನ ಪಟ್ಟಿ ಕೊಡಿ: ಎಡಬಲಕ್ಕೆ ಏಳೂವರೆ ಅಂಗುಲ, ಮೇಲೆ ಕೆಳಗೆ ಹತ್ತೊಂಬತ್ತೂವರೆ. ಪಟ್ಟಿಗೂ ಹೊಲಿಗೆಯ ಅಂಗುಲ ಸೇರಿಸಿಕೊಳ್ಳುವುದು ನಿಮಗೆ ಹೇಳಬೇಕಾಗಿಲ್ಲ.

ಬಣ್ಣದ ವಿಷಯಕ್ಕೆ ಬರೋಣ. 13 ಚೌಕ ತಿಳಿಬಣ್ಣ, 12 ಗಾಢಬಣ್ಣ. ಮೂಲೆಯಿಂದ ಶುರುಮಾಡಿ ಒಂದು ಬಿಟ್ಟು ಒಂದು ಜೋಡಿಸಿ. ಹೀಗೆ ಜೋಡಿಸಿದರೆ ಗೆರೆ ಹಾಕುವ ಐದು ಕಟ್ಟೆಗಳೂ, ಅಂದರೆ ನಾಲ್ಕು ಬದಿಯ ನಡುವಿನವು ಮತ್ತು ಮಧ್ಯದ್ದು, ತಾವಾಗಿಯೇ ತಿಳಿಬಣ್ಣದಲ್ಲಿ ಬರುತ್ತವೆ. ಅವುಗಳ ಮೇಲೆ ದಪ್ಪ ಕರಿದಾರದಲ್ಲಿ ಸರಪಳಿ ಹೊಲಿಗೆಯ ಅಡ್ಡಗೆರೆ ಹಾಕಿ. ಕಣ್ಣು ಮಂಜಾದವರು ಬೆರಳಲ್ಲೇ ಮುಟ್ಟಿ ಕಟ್ಟೆ ಗುರುತಿಸಬಹುದು.

ಆ ಐದು ಚೌಕದ ಬಟ್ಟೆಯನ್ನು ಮಾತ್ರ ಸಿಕ್ಕಿದ್ದರಿಂದ ಕತ್ತರಿಸಬೇಡಿ. ನಾಲ್ಕು ಬದಿಗೆ ಇಬ್ಬರು ನಾದಿನಿಯರು, ಓರಗಿತ್ತಿ ಮತ್ತು ನಾನು ಒಂದೊಂದು ಸೀರೆ ಕೊಟ್ಟೆವು, ಆಟಕ್ಕೆ ಸುತ್ತ ಕೂರುತ್ತಿದ್ದವರು ನಾವೇ ತಾನೆ. ಮಧ್ಯದ್ದು, ಕಾಯಿ ಹಣ್ಣಾಗುವ ಮನೆ. ಅದಕ್ಕೆ ತೀರಿಕೊಂಡ ಮಾವನವರ ಪಂಚೆ ಹಾಕಬಹುದೇ ಅಂತ ಕೇಳಿದೆ. ಕೇಳದೆ ಹಾಕಕೂಡದು, ಹೋದವರ ಬಟ್ಟೆ ಮಂಚದ ಮೇಲೆ ಬೇಡ ಅನ್ನುವವರೂ ಇರುತ್ತಾರೆ. ಅತ್ತೆ ತುಸು ಹೊತ್ತು ಸುಮ್ಮನಿದ್ದರು. "ಹಾಕಮ್ಮ, ನಮ್ಮ ಜಗಳ ಬಿಡಿಸೋಕೆ ಅವರೇ ತಾನೆ ನಡುವೆ ಬಂದು ಕೂರ್ತಿದ್ದದ್ದು" ಅಂದರು. ಪಂಚೆಯನ್ನು ತಾವೇ ಟ್ರಂಕಿನಿಂದ ತೆಗೆಸಿಕೊಟ್ಟರು.

ಬಟ್ಟೆ ಹತ್ತಿಯದೇ ಆಗಿರಲಿ. ನೈಲೆಕ್ಸ್ ಬೇಡ, ಕಾಯಿ ಜಾರುತ್ತೆ, ಸೆಕೆಯೂ ಹೌದು. ಕೆಂಪು, ಕಡುನೀಲಿ ಬಟ್ಟೆಯನ್ನು ಮೊದಲೇ ಬಕೆಟ್ಟಿನಲ್ಲಿ ನೆನೆಸಿ ನೋಡಿ. ಬಣ್ಣ ಬಿಟ್ಟರೆ ಅದು ಒರೆಸೋ ಬಟ್ಟೆಗೆ. ಒಳಗೆ ಮೆತ್ತಗಿನ ಹಳೇ ಸೀರೆಯ ಎರಡೇ ಪದರ ಸಾಕು, ವಯಸ್ಸಾದವರಿಗೆ ಭಾರ ಆಗಬಾರದು. ಅಡಿಗೆ ಒಂದು ಹಳೇ ದುಪ್ಪಟಿ. ಎಲ್ಲವನ್ನೂ ನೆಲದಲ್ಲಿ ಸುಕ್ಕಿಲ್ಲದಂತೆ ಹಾಸಿ, ದೊಡ್ಡ ಹೊಲಿಗೆಯಲ್ಲಿ ಟಾಕಿ, ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತುತ್ತಾ ಒಳಗೆ ಬನ್ನಿ. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ. ಉತ್ತರ ಕನ್ನಡದ ಸಿದ್ದಿ ಹೆಂಗಸರೂ ತಮ್ಮ ಕೌದಿಯನ್ನು ಹೀಗೇ ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ನೋಡಲು ಬಲು ಚೆಂದ. ಆಟದ ಲೆಕ್ಕಕ್ಕೆ ತೊಂದರೆಯಿಲ್ಲ, ನೀವೂ ಇಡಿ. ಮಧ್ಯಾಹ್ನ ಮಾತ್ರ ಕೂತರೆ ಒಂದೂವರೆ ತಿಂಗಳು ಹಿಡಿಯುತ್ತೆ, ಓರಗಿತ್ತಿ ಕೈಹಾಕಿದರೆ ಬೇಗ.

ಕಾಯಿಗೆ ಬಳೆಚೂರು ಬೇಡ, ಹಾಸಿಗೆಯಲ್ಲಿ ಉಳಿದು ಚುಚ್ಚುತ್ತೆ. ಕೋಟಿನ ದೊಡ್ಡ ಗುಂಡಿಗಳನ್ನು ಬಣ್ಣಕ್ಕೆ ನಾಲ್ಕರಂತೆ ಕೊಳ್ಳಿ. ಕವಡೆ ಬಟ್ಟೆಯ ಮೇಲೆ ಓರೆಯಾಗಿ ನಿಂತು, ಬಿದ್ದದ್ದು ಮೂರೋ ಚೌಕವೋ ಅಂತ ರಾಮಾಯಣವಾಗುತ್ತೆ. ಒಂದು ತಟ್ಟೆಯಲ್ಲಿ ಹಾಕಿಸಿ. ಈಗ ಅತ್ತೆ ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಮಿಕ್ಕವರು ಸ್ಟೂಲು ಎಳೆದುಕೊಳ್ಳುತ್ತೇವೆ. ಕಡಿಯೋದೇನೂ ಕಮ್ಮಿಯಾಗಿಲ್ಲ.

ನಿಮ್ಮ ಮನೆಯ ಹಿರಿಯರಿಗೆ ರಂಗೋಲಿ ಇಷ್ಟವಾದರೆ ಚುಕ್ಕಿಗೊಂದು ಗಂಟು ಹೊಲಿಗೆ ಹಾಕಿ ಎಳೆ ಕಸೂತಿ ಮಾಡಿ. ಹಿತ್ತಲ ತೋಟವಾದರೆ ಎಲೆ ಹೂಗಳನ್ನು ಕತ್ತರಿಸಿ ಅಂಟುಹೊಲಿಗೆ ಹಾಕಿದರಾಯಿತು.

ಮರೆತಿದ್ದೆ, ಕೌದಿಯ ಒಂದು ಮೂಲೆಯಲ್ಲಿ ಗುಂಡಿಯಿರುವ ಪುಟ್ಟ ಜೇಬು ಹೊಲಿಯಿರಿ, ಕವಡೆ ಕಾಯಿ ಅಲ್ಲೇ ಇರಲಿ. ಒಗೆಯಲು ನೆನೆಸುವ ಮುಂಚೆ ಆ ಜೇಬು ನೋಡಿಕೊಳ್ಳಿ.