ಸಿಂಡಿಕೇಟಿನಲ್ಲಿ ಔರಾದಿಗೊಂದು ಕುರ್ಚಿ

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

2025ರ ಫೆಬ್ರುವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿಯು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಂದುವರಿಸುವುದು ಬೇಡ ಎಂದಾಗ ಬೀದರ್ ವಿಶ್ವವಿದ್ಯಾಲಯ ಮಾತ್ರ ಆ ಪಟ್ಟಿಗೆ ಸೇರಲಿಲ್ಲ. ಹಾಗೆ ಉಳಿದ ವಿಶ್ವವಿದ್ಯಾಲಯವನ್ನು ನಡೆಸುವವರು ಯಾರೆಂಬ ಪ್ರಶ್ನೆ ಅನುದಾನ, ಹುದ್ದೆ, ಕಟ್ಟಡಗಳ ಚರ್ಚೆಯಲ್ಲಿ ಹಿಂದೆ ಬಿದ್ದಿದೆ. ನನ್ನ ಕೋರಿಕೆ ಚಿಕ್ಕದು: ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೆ ಸರ್ಕಾರ ಹೆಸರಿಸುವ ಸದಸ್ಯರಲ್ಲಿ ಇಬ್ಬರಾದರೂ ಜಿಲ್ಲೆಯ ತಾಲ್ಲೂಕುಗಳಲ್ಲೇ ನೆಲೆಸಿದವರಾಗಿರಲಿ, ಅವರಲ್ಲೊಬ್ಬರು ಗಡಿ ತಾಲ್ಲೂಕಾದ ಔರಾದಿನವರಾಗಿರಲಿ.

ಬೀದರಿನ ಓದನ್ನು ಬಹುಕಾಲ ಬೇರೆ ಊರಿನ ಮಂಡಳಿಗಳೇ ನಿರ್ಧರಿಸಿವೆ. ನಿಜಾಮರ ಆಳ್ವಿಕೆಯಲ್ಲಿ, 1918ರಲ್ಲಿ ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. 1956ರ ಏಕೀಕರಣದ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಿಂದ ಗುಲ್ಬರ್ಗ ವಿಶ್ವವಿದ್ಯಾಲಯ. ನಿಜಾಮರ ಕಾಲದಲ್ಲಿ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ್ದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಷ್ಟಕ್ಕೇ ನಿಲ್ಲಿಸುವುದು ನಮ್ಮ ಸೋಮಾರಿತನ. ಶಿಕ್ಷಣದ ತೀರ್ಮಾನ ಈ ನೆಲದಲ್ಲೇ ಆಗಬಲ್ಲದು ಎಂಬುದಕ್ಕೆ ಆ ಶಾಲೆಗಿಂತ ಗಟ್ಟಿ ಸಾಕ್ಷಿ ಬೇರೆ ಬೇಕಿಲ್ಲ. ಹಾಲಹಳ್ಳಿಯಲ್ಲಿದ್ದ ಗುಲ್ಬರ್ಗ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದ ಜಾಗದಲ್ಲೇ ಸ್ವಂತ ವಿಶ್ವವಿದ್ಯಾಲಯ ಎದ್ದಿರುವಾಗ, ಅದರ ಆಡಳಿತದಲ್ಲಿ ಜಿಲ್ಲೆಗೆ ಪಾಲಿಲ್ಲದಿದ್ದರೆ ಬದಲಾಗಿದ್ದು ಅಂಕಪಟ್ಟಿಯ ಮೇಲಿನ ಹೆಸರಷ್ಟೇ.

ಸಿಂಡಿಕೇಟು ಇಷ್ಟು ಬಲವಾದದ್ದು ಹೇಗೆಂಬುದನ್ನೂ ನೋಡಬೇಕು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದಾಗ ಸೆನೆಟ್ ಎಂಬ ದೊಡ್ಡ ಸಭೆಯೇ ಮುಖ್ಯವಾಗಿತ್ತು. ವೈಸರಾಯ್ ಕರ್ಜನ್ನನ 1904ರ ವಿಶ್ವವಿದ್ಯಾಲಯ ಕಾಯ್ದೆ ಸೆನೆಟನ್ನು ಕಿರಿದುಗೊಳಿಸಿ ಸಿಂಡಿಕೇಟಿಗೆ ಶಾಸನದ ಮನ್ನಣೆ ಕೊಟ್ಟಿತು. ಅದು ಸರ್ಕಾರದ ಹಿಡಿತ ಬಿಗಿ ಮಾಡುವ ಉಪಾಯವೆಂದು ಅಂದಿನ ರಾಷ್ಟ್ರೀಯವಾದಿಗಳು ವಿರೋಧಿಸಿದ್ದರು. ಕರ್ನಾಟಕದ 2000ದ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಸೆನೆಟೇ ಇಲ್ಲ. ಹಣ, ನೇಮಕ, ಆಡಳಿತ ಎಲ್ಲವೂ ಕುಲಪತಿಗಳ ಅಧ್ಯಕ್ಷತೆಯ ಸಿಂಡಿಕೇಟಿಗೆ ಬಂದವು. ಅಲ್ಲಿ ಸರ್ಕಾರ ಹೆಸರಿಸಿದ ಆರು ಮಂದಿ ಕೂರುತ್ತಾರೆ. ಅವರಲ್ಲಿ ಮಹಿಳೆ, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಅವರು ಯಾವ ಊರಿನವರಾಗಿರಬೇಕೆಂದು ಹೇಳುವುದಿಲ್ಲ.

ಸ್ಥಳೀಯರು ಬಂದರೆ ಶಿಫಾರಸು, ಜಾತಿ, ಪಕ್ಷ ಎಲ್ಲವೂ ಒಳಗೆ ಬರುತ್ತವೆ ಎನ್ನುವವರಿದ್ದಾರೆ. ನಿಜವೇ. ಆದರೆ ಬೆಂಗಳೂರಿನಿಂದ ಬಂದವರು ರಾಜಕೀಯವನ್ನು ವಿಧಾನಸೌಧದ ಬಾಗಿಲಲ್ಲೇ ಕಳಚಿಟ್ಟು ಬರುತ್ತಾರೆಯೇ? ಸರ್ಕಾರ ಬದಲಾದಂತೆ ನಾಮನಿರ್ದೇಶನಗಳು ರದ್ದಾಗುವುದು ಈ ಪದ್ಧತಿಯ ಬಣ್ಣ ಹೇಳುತ್ತದೆ. ಕಾಯ್ದೆ ಶಿಕ್ಷಣತಜ್ಞರನ್ನು ಬಯಸುತ್ತದೆ, ಔರಾದಿನಲ್ಲಿ ಅಂಥವರು ಎಲ್ಲಿ ಎಂಬ ಮಾತು ಇನ್ನೂ ದುರ್ಬಲ: ನಿವೃತ್ತ ಪ್ರಾಂಶುಪಾಲರು, ಅಧ್ಯಾಪಕರು ಆ ತಾಲ್ಲೂಕಿನಲ್ಲೂ ಇದ್ದಾರೆ. ಕೃಷಿ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಯಲ್ಲಿ ರೈತರು ಕೂರುವಾಗ ಇಲ್ಲಿ ತಾಲ್ಲೂಕಿನ ಮೇಷ್ಟ್ರು ಕೂರಬಾರದೇಕೆ? ಔರಾದಿನಿಂದ ಗಡಿ ದಾಟಿದರೆ ಮಹಾರಾಷ್ಟ್ರದ ಉದಗೀರ್, ದೇಗಲೂರು. ಮರಾಠಿ ಮನೆಮಾತಿನ ಹುಡುಗಿ ಎಲ್ಲಿ ಪದವಿಗೆ ಸೇರುತ್ತಾಳೆ, ಪರೀಕ್ಷಾ ಕೇಂದ್ರ ದೂರವಾದರೆ ಯಾವ ಹೊತ್ತಿನ ಬಸ್ಸು ತಪ್ಪುತ್ತದೆ ಎಂಬುದು ಅಲ್ಲಿರುವವರಿಗೆ ಗೊತ್ತು, ಕಡತದಲ್ಲಿ ಬರುವ ಸಂಗತಿಯಲ್ಲ.

ಈ ಕೋರಿಕೆ ಈಡೇರಿಸಲು ಕಾಯ್ದೆ ತಿದ್ದಬೇಕಿಲ್ಲ. ಹೆಸರಿಸುವ ಅಧಿಕಾರ ಈಗಲೇ ಸರ್ಕಾರದ್ದು. ಮುಂದಿನ ನಾಮನಿರ್ದೇಶನಕ್ಕೆ ಮೊದಲು ಅರ್ಜಿ ಕರೆಯಿರಿ. ಆಯ್ಕೆಯಾದವರ ವಿದ್ಯಾರ್ಹತೆ, ವಾಸದ ತಾಲ್ಲೂಕು, ಆಯ್ಕೆಯ ಕಾರಣಗಳನ್ನು ಆದೇಶದಲ್ಲೇ ಪ್ರಕಟಿಸಿ.