ಮೊದಲ ಸಿನಿಮಾಕ್ಕೆ ಕತೆ ಎಲ್ಲಿಂದ ತರುತ್ತೀರಿ?

ಕನ್ನಡದ ಹುಡುಗ ಹುಡುಗಿಯರೇ,

ನಿಮ್ಮಲ್ಲಿ ಎಷ್ಟು ಜನರ ಬ್ಯಾಗಿನಲ್ಲಿ ಒಂದು ಸಿನಿಮಾ ಕತೆ ಇದೆ? ಬೈ-ಟು ಕಾಫಿ ಹಿಡಿದು ಎಲ್ಲಿ ಕೂತರೂ ಪಕ್ಕದ ಮೇಜಿನಲ್ಲಿ ಒಬ್ಬ ಕತೆ ಹೇಳುತ್ತಿರುತ್ತಾನೆ. ಸಂತೋಷ! ಆದರೆ ಆ ಕತೆಯನ್ನು ಸ್ವಲ್ಪ ಕೆರೆದು ನೋಡಿ. ಒಳಗೆ ಕೊರಿಯಾದ ಸಿನಿಮಾ, ಅದಕ್ಕೆ ಮಲಯಾಳದ ಬಣ್ಣ, ಮೇಲೊಂದು ಕನ್ನಡದ ಹೆಸರು. ರೀಮೇಕ್ ಮಾಡುವ ಗಾಂಧಿನಗರವನ್ನು ಬೈಯುವ ನಾವೇ ತಲೆಯೊಳಗೆ ರೀಮೇಕ್ ಮಾಡಿಕೊಂಡು ಕೂತರೆ ಹೇಗೆ?

ಇದು ಬರೀ ಮಾನದ ಪ್ರಶ್ನೆಯಲ್ಲ. ಅಪ್ಪನ ಪಿ.ಎಫ್. ದುಡ್ಡು, ಅಮ್ಮನ ಬಳೆ, ಗೆಳೆಯರ ಕೈಸಾಲ ಎಲ್ಲವೂ ಆ ಕತೆಯ ಮೇಲೆ ಬೀಳುತ್ತದೆ. ಸ್ಟಾರ್ ಇಲ್ಲದ ಚಿತ್ರವನ್ನು ಕಾಯುವುದು ಕತೆ ಒಂದೇ.

'ತಿಥಿ' ನೆನಪಿದೆಯೇ? ರಾಮ್ ರೆಡ್ಡಿ ಬೆಂಗಳೂರಿನ ಹುಡುಗ. ಹಳ್ಳಿ ಗೊತ್ತಿರುವವನಂತೆ ನಟಿಸಲಿಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರ ಜೊತೆ ಕೂತು ಕತೆ ಕಟ್ಟಿದರು. ಅಲ್ಲಿನ ಜನರನ್ನು ನೋಡಿ ಪಾತ್ರ ಬರೆದರು, ಆ ಜನರಿಂದಲೇ ಮಾಡಿಸಿದರು. ಕತೆಯ ಅಳತೆ ನೋಡಿ: ನೂರೊಂದು ವರ್ಷದ ಅಜ್ಜ ಸಾಯುತ್ತಾನೆ, ಹನ್ನೊಂದನೇ ದಿನ ತಿಥಿ. ಅಷ್ಟರೊಳಗೆ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆ? ಒಂದು ಊರು, ಹನ್ನೊಂದು ದಿನ. ಸೆಟ್ ಬೇಡ, ಫೈಟ್ ಬೇಡ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವ ಅದಕ್ಕೆ ಪ್ರಶಸ್ತಿ ಕೊಟ್ಟಿತು. ಮಂಡ್ಯದ ಮಾತು ಅಲ್ಲಿಗೂ ಮುಟ್ಟಿತು!

ಹಳ್ಳಿಯೇ ಬೇಕೆಂದಿಲ್ಲ. 2017ರಲ್ಲಿ ರಾಜ್ ಬಿ. ಶೆಟ್ಟಿ 'ಒಂದು ಮೊಟ್ಟೆಯ ಕಥೆ' ಮಾಡಿದರು. ಬೋಳುತಲೆಯ ಕನ್ನಡ ಮೇಷ್ಟ್ರಿಗೆ ಹೆಣ್ಣು ಸಿಗುವುದಿಲ್ಲ, ಅಷ್ಟೇ. ನಾಯಕ ತಾವೇ, ಊರು ಮಂಗಳೂರು, ಮಾತು ಅಲ್ಲಿಯದೇ. ನಟೇಶ್ ಹೆಗಡೆ ತಮ್ಮ ಮೊದಲ ಚಿತ್ರ 'ಪೆಡ್ರೋ'ದಲ್ಲಿ ಸ್ವಂತ ತಂದೆಯನ್ನೇ ಮುಖ್ಯಪಾತ್ರಕ್ಕೆ ನಿಲ್ಲಿಸಿದರು. 2021ರಲ್ಲಿ ಅದು ಬೂಸಾನ್‌ಗೆ ಹೋಯಿತು. ನೀವು ಕತೆ ಕದಿಯುವ ಆ ಕೊರಿಯಾದಲ್ಲೇ ನಮ್ಮ ಕತೆ ನೋಡಿದರು!

ಸ್ವಂತ ಕತೆ ಹೊಳೆಯದಿದ್ದರೆ ಕನ್ನಡ ಸಾಹಿತ್ಯ ಇಲ್ಲವೇ? ಮಲೆನಾಡಿನ ಗಿರೀಶ ಕಾಸರವಳ್ಳಿ ತಮ್ಮ ಮೊದಲ ಚಿತ್ರಕ್ಕೆ ಆರಿಸಿಕೊಂಡದ್ದು ಮಲೆನಾಡಿನವರೇ ಆದ ಅನಂತಮೂರ್ತಿಯವರ ಕತೆ. 1977ರ 'ಘಟಶ್ರಾದ್ಧ' ಸ್ವರ್ಣಕಮಲ ತಂದಿತು. 2024ರಲ್ಲಿ ವೆನಿಸ್ ಚಿತ್ರೋತ್ಸವ ಅದನ್ನು ಮತ್ತೆ ತೋರಿಸಿತು.

ಹಾಗಾದರೆ ನೀವೇನು ಮಾಡಬೇಕು? ಲ್ಯಾಪ್‌ಟಾಪ್ ಮುಚ್ಚಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಬೀದಿ, ಒಂದು ಗ್ಯಾರೇಜು, ಒಂದು ಪಿ.ಜಿ. ಆರಿಸಿಕೊಳ್ಳಿ. ಅಲ್ಲಿ ಹೋಗಿ ಕೂರಿ. ಯಾರು ಯಾರಿಗೆ ಸಾಲ ಕೊಡಬೇಕು, ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ, ಕೇಳಿಸಿಕೊಳ್ಳಿ. ನಿಮಗೆ ಗೊತ್ತಿಲ್ಲದ್ದು ಗೊತ್ತಿರುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಪರದೆಯ ಮೇಲೆ ಅವನ ಹೆಸರನ್ನೂ ಹಾಕಿ. ಇಂಗ್ಲಿಷಿನಲ್ಲಿ ಸ್ಕ್ರಿಪ್ಟ್ ಬರೆದು ಕೊನೆಗೆ ಡೈಲಾಗ್ ರೈಟರ್‌ಗೆ ಕೊಟ್ಟರೆ ಬರುವುದು ಡಬ್ಬಿಂಗ್ ಕನ್ನಡ. ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ ಜಾಗ, ಜನ, ದಿನಗಳನ್ನು ಕತೆ ಹೊಸೆಯುವಾಗಲೇ ಕಡಿಮೆ ಮಾಡಿಕೊಳ್ಳಿ. ಒಂದು ದೃಶ್ಯವನ್ನು ಫೋನಿನಲ್ಲೇ ತೆಗೆದು ಆ ಬೀದಿಯವರಿಗೇ ತೋರಿಸಿ. 'ನಮ್ಮಲ್ಲಿ ಹೀಗೆ ಯಾರೂ ಮಾತಾಡಲ್ಲ' ಎಂದರೆ ತಿದ್ದಿ.

ಅವರು ತಲೆದೂಗಿದ ಮೇಲೆ ಅಪ್ಪನ ಹತ್ತಿರ ದುಡ್ಡು ಕೇಳಿ. ಅಲ್ಲಿಯವರೆಗೆ ಅಮ್ಮನ ಬಳೆ ಅಮ್ಮನ ಕೈಯಲ್ಲೇ ಇರಲಿ.